ಸ್ವಲ್ಪವಿಕಿರಣವೂ ಅರ್ಬುದರೋಗವೂ: ಒಂದು ವಾಕ್ಯದ ವಿಮರ್ಶೆ

೧

ವಿಜ್ಞಾನಗ್ರಂಥಗಳಲ್ಲಿಯೂ ವೈದ್ಯರ ಸಂಭಾಷಣೆಯಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಒಂದು ವಾಕ್ಯವು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಅದನ್ನು ಅಯಾನಾಗಿ ಮಾಡಬಲ್ಲ ವಿಕಿರಣವು ಎಷ್ಟೇ ಅಲ್ಪವಾಗಿರಲಿ, ಅದು ಅರ್ಬುದರೋಗದ ಸಂಭವವನ್ನು ತನ್ನ ಅಳತೆಗೆ ತಕ್ಕಷ್ಟು ಹೆಚ್ಚಿಸುತ್ತದೆ. ಇದರ ಕೆಳಗೆ ಅಪಾಯವಿಲ್ಲವೆನ್ನತಕ್ಕ ಎಲ್ಲೆಯೊಂದಿಲ್ಲ ಎಂಬುದೇ ಆ ವಾಕ್ಯದ ತಾತ್ಪರ್ಯ. ಇದನ್ನು ಸರಳರೇಖಾವಾದವೆಂದು ಕರೆಯಬಹುದು. ಏಕೆಂದರೆ ವಿಕಿರಣದ ಅಳತೆಯನ್ನು ಅಡ್ಡಲಾಗಿಯೂ ರೋಗಸಂಭವವನ್ನು ನೆಟ್ಟಗೂ ಗುರುತಿಸಿ ನೋಡಿದರೆ, ಈ ವಾದದಂತೆ ಅವುಗಳ ಸಂಬಂಧವು ಸೊನ್ನೆಯಿಂದ ಹೊರಟ ಒಂದು ನೇರವಾದ ಗೆರೆಯಾಗುತ್ತದೆ.

ಅಮೆರಿಕದ ರಾಷ್ಟ್ರೀಯ ಅಕಾಡೆಮಿಯ ಸಮಿತಿಯು ೨೦೦೬ರಲ್ಲಿ ಪ್ರಕಟವಾದ ತನ್ನ ಏಳನೆಯ ವರದಿಯಲ್ಲಿ ಈ ವಾದವನ್ನು ಎತ್ತಿಹಿಡಿಯಿತು. ಅದಕ್ಕೆ ಮೊದಲೇ, ೨೦೦೫ರಲ್ಲಿ, ಫ್ರಾನ್ಸಿನ ವಿಜ್ಞಾನ ಅಕಾಡೆಮಿಯೂ ವೈದ್ಯ ಅಕಾಡೆಮಿಯೂ ಕೂಡಿ ಹೊರಡಿಸಿದ ವರದಿಯು, ಅಲ್ಪವಿಕಿರಣದ ಅಪಾಯವನ್ನು ಗಣಿಸುವುದಕ್ಕೆ ಈ ಗೆರೆಯನ್ನು ಬಳಸುವುದು ಸಾಧಾರವಲ್ಲವೆಂದು ಸಾರಿತ್ತು. ಎರಡು ಪಕ್ಷಗಳ ಮುಂದೆಯೂ ಇದ್ದ ಸಾಮಗ್ರಿ ಬಹುಮಟ್ಟಿಗೆ ಒಂದೇ. ಸಾಮಗ್ರಿ ಒಂದಾಗಿದ್ದು ನಿರ್ಣಯಗಳು ಎರಡಾದರೆ, ಭೇದವು ವಸ್ತುವಿನಲ್ಲಿರುವುದಕ್ಕಿಂತ ಹೆಚ್ಚಾಗಿ ವಾಕ್ಯದ ಅರ್ಥವನ್ನು ಗ್ರಹಿಸುವ ಕ್ರಮದಲ್ಲಿದೆಯೇನೋ ಎಂದು ಶಂಕಿಸಬೇಕಾಗುತ್ತದೆ. ವಾಕ್ಯಾರ್ಥವಿಚಾರವು ಪದವಾಕ್ಯಪ್ರಮಾಣಶಾಸ್ತ್ರಗಳಲ್ಲಿ ಪರಿಶ್ರಮವುಳ್ಳವರ ಕೆಲಸ. ಆದುದರಿಂದ ಭೌತವಿಜ್ಞಾನದ ಈ ವಾಕ್ಯವನ್ನು ಭಾಷಾಧ್ಯಾಪಕರು ಪರೀಕ್ಷಿಸುವುದು ಅನಧಿಕಾರಚರ್ಚೆಯಾಗಲಾರದು. ಕರ್ನಾಟಕದಲ್ಲಿ ಕೈಗಾದ ಅಣುವಿದ್ಯುತ್ ಸ್ಥಾವರವು ೨೦೦೦ದಿಂದ ಕೆಲಸಮಾಡುತ್ತಿರುವುದರಿಂದಲೂ, ಎಕ್ಸ್‌ರೇ ಮತ್ತು ಸಿ.ಟಿ. ಪರೀಕ್ಷೆಗಳು ತಾಲ್ಲೂಕು ಕೇಂದ್ರಗಳಿಗೂ ಬಂದಿರುವುದರಿಂದಲೂ, ಕನ್ನಡದಲ್ಲಿ ಈ ವಿಷಯವನ್ನು ತಪ್ಪಿಲ್ಲದೆ ಹೇಳುವ ಅಗತ್ಯವೂ ಉಂಟಾಗಿದೆ.

ಮೊದಲು ಒಂದು ಶಬ್ದದ ತೊಡಕನ್ನು ಬಿಡಿಸಿಕೊಳ್ಳಬೇಕು. ಕನ್ನಡದಲ್ಲಿ ಪ್ರಮಾಣವೆಂದರೆ ಅಳತೆಯೂ ಆಗುತ್ತದೆ, ಯಥಾರ್ಥಜ್ಞಾನಕ್ಕೆ ಸಾಧನವೂ ಆಗುತ್ತದೆ. ಅಲ್ಪಪ್ರಮಾಣದ ವಿಕಿರಣಕ್ಕೆ ಅಲ್ಪಪ್ರಮಾಣವೇ ಇದೆ ಎಂದು ಬರೆದರೆ ಓದುಗನು ದಿಕ್ಕುಗೆಡುವನು. ಆದಕಾರಣ ಇಲ್ಲಿ ಪ್ರಮಾಣಶಬ್ದವನ್ನು ಜ್ಞಾನಸಾಧನಕ್ಕೇ ಮೀಸಲಾಗಿಟ್ಟು, ದೇಹವು ಪಡೆದ ವಿಕಿರಣದ ಅಳತೆಗೆ ವೈದ್ಯಶಾಸ್ತ್ರದಲ್ಲಿ ರೂಢವಾದ ಮಾತ್ರೆಯೆಂಬ ಶಬ್ದವನ್ನು ಬಳಸಲಾಗಿದೆ. ಒಂದು ಕಿಲೋಗ್ರಾಂ ವಸ್ತುವು ಒಂದು ಜೂಲ್ ಶಕ್ತಿಯನ್ನು ಹೀರಿದರೆ ಆ ಮಾತ್ರೆಯು ೧ ಗ್ರೇ. ವಿಕಿರಣದ ಜಾತಿಯನ್ನೂ ಅವಯವದ ಸೂಕ್ಷ್ಮತೆಯನ್ನೂ ಗಣಿಸಿ ತಿದ್ದಿದ ಮಾತ್ರೆಯು ಸೀವರ್ಟ್. ಎಕ್ಸ್‌ಕಿರಣ ಗಾಮಾಕಿರಣಗಳು ದೇಹವನ್ನೆಲ್ಲ ಸಮನಾಗಿ ಹೊಕ್ಕಾಗ ಎರಡರ ಸಂಖ್ಯೆಯೂ ಒಂದೇ. ಮಣ್ಣು, ಗಾಳಿ, ಆಹಾರ, ಆಕಾಶ ಇವುಗಳಿಂದ ಲೋಕದ ಸಾಮಾನ್ಯಮನುಷ್ಯನು ವರ್ಷಕ್ಕೆ ಸರಾಸರಿ ೨.೪ ಮಿಲಿಸೀವರ್ಟ್ ಪಡೆಯುತ್ತಾನೆ. ಹೊಟ್ಟೆಯ ಒಂದು ಸಿ.ಟಿ. ಪರೀಕ್ಷೆಯಿಂದ ಸುಮಾರು ೧೦ ಮಿಲಿಸೀವರ್ಟ್ ಬರಬಹುದು. ೧೦೦ ಮಿಲಿಸೀವರ್ಟಿಗಿಂತ ಕಡಮೆಯಾದುದನ್ನು ಸ್ವಲ್ಪಮಾತ್ರೆಯೆನ್ನುವುದು ಶಾಸ್ತ್ರಜ್ಞರ ವಾಡಿಕೆ.

೨

ಸರಳರೇಖಾವಾದವು ಪ್ರತ್ಯಕ್ಷವಲ್ಲ, ಅನುಮಾನ. ಅನುಮಾನಕ್ಕೆ ಬೇರು ವ್ಯಾಪ್ತಿಜ್ಞಾನ. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುವುದೆಂಬ ನಿಯಮವನ್ನು ಅಡುಗೆಮನೆಯಲ್ಲಿ ಕಂಡುಕೊಂಡವನು ಬೆಟ್ಟದ ಮೇಲಿನ ಹೊಗೆಯಿಂದ ಕಾಣದ ಬೆಂಕಿಯನ್ನು ಊಹಿಸುತ್ತಾನೆ. ಪ್ರಕೃತದಲ್ಲಿ ಆ ಅಡುಗೆಮನೆಯ ಸ್ಥಾನದಲ್ಲಿರುವುವು ಹಿರೋಷಿಮಾ ಮತ್ತು ನಾಗಸಾಕಿ. ೧೯೪೫ರ ಬಾಂಬುಗಳಿಗೆ ಗುರಿಯಾಗಿ ಉಳಿದವರ ಆರೋಗ್ಯವನ್ನು ವಿಚಾರಿಸುವುದಕ್ಕೆ ೧೯೪೭ರಲ್ಲಿ ಒಂದು ಸಂಸ್ಥೆಯು ಹುಟ್ಟಿತು. ೧೯೫೦ರಿಂದ ಸುಮಾರು ೧,೨೦,೦೦೦ ಜನರ ಆಯುಷ್ಯವನ್ನೂ ಮರಣಕಾರಣವನ್ನೂ ಬರೆದಿಡುತ್ತ ಬರಲಾಗಿದೆ. ೧೯೭೫ರಿಂದ ಅಮೆರಿಕ ಮತ್ತು ಜಪಾನ್ ದೇಶಗಳು ಕೂಡಿ ಇದನ್ನು ನಡೆಸುತ್ತಿವೆ. ಈ ಗುಂಪಿನಲ್ಲಿ ಪ್ರತಿಯೊಬ್ಬನ ಮಾತ್ರೆಯನ್ನೂ ಗಣಿಸಲಾದ ೮೬,೬೧೧ ಜನರ ೨೦೦೩ರ ವರೆಗಿನ ವೃತ್ತಾಂತವು ೨೦೧೨ರಲ್ಲಿ ಪ್ರಕಟವಾಯಿತು. ಮೂವತ್ತನೆಯ ವಯಸ್ಸಿನಲ್ಲಿ ೧ ಗ್ರೇ ಮಾತ್ರೆಯನ್ನು ಪಡೆದವರಲ್ಲಿ, ಎಪ್ಪತ್ತನೆಯ ವಯಸ್ಸಿಗೆ, ರಕ್ತಾರ್ಬುದವನ್ನು ಬಿಟ್ಟು ಉಳಿದ ಘನ ಅರ್ಬುದಗಳಿಂದಾಗುವ ಮರಣವು ನೂರಕ್ಕೆ ೪೨ರಷ್ಟು ಅಧಿಕವಾಗುವುದೆಂದು ಅದರಿಂದ ತಿಳಿಯಿತು. ನಿರಪಾಯವಾದ ಎಲ್ಲೆಯೊಂದಿದ್ದರೆ ಅದೆಲ್ಲಿರಬಹುದೆಂದು ಗಣಿಸಿದಾಗ, ಸೊನ್ನೆಯೇ ಎಲ್ಲಕ್ಕಿಂತ ಉತ್ತಮವಾದ ಅಂದಾಜೆಂದು ಬಂದಿತು.

ಇದು ಅಲ್ಲಗಳೆಯಲಾಗದ ಬಲ. ಮಾತ್ರೆ ಹೆಚ್ಚಿದಲ್ಲಿ ವ್ಯಾಪ್ತಿಯು ಸಿದ್ಧವಾಗಿದೆ. ಆದರೆ ಅದೇ ವೃತ್ತಾಂತದಲ್ಲಿ ಅಧಿಕ್ಯವು ಸಂದೇಹಕ್ಕೆಡೆಯಿಲ್ಲದಂತೆ ಕಾಣುವುದು ಸೊನ್ನೆಯಿಂದ ೦.೨ ಗ್ರೇವರೆಗಿನ ಮಾತ್ರೆಗಳನ್ನು ಒಟ್ಟುಗೂಡಿಸಿ ನೋಡಿದಾಗ. ಅದಕ್ಕಿಂತ ಕಿರಿದಾದ ಭಾಗವನ್ನು ಪ್ರತ್ಯೇಕವಾಗಿ ತೆಗೆದುಕೊಂಡರೆ ನಿಶ್ಚಯವು ಸಡಿಲವಾಗುತ್ತದೆ. ಗೆರೆಯ ಆಕಾರವೂ ಸರ್ವತ್ರ ಒಂದೇ ಅಲ್ಲ. ೨೦೧೭ರಲ್ಲಿ ಪ್ರಕಟವಾದ ರೋಗೋತ್ಪತ್ತಿಯ ಗಣನೆಯಲ್ಲಿ ಹೆಂಗಸರಲ್ಲಿ ಸಂಬಂಧವು ನೇರವಾಗಿಯೂ, ಗಂಡಸರಲ್ಲಿ ಮೇಲಕ್ಕೆ ಬಾಗಿದುದಾಗಿಯೂ ಕಂಡಿತು. ಬಾಗಿದ ಗೆರೆಯು ಕೆಳತುದಿಯಲ್ಲಿ ನೇರವಾದ ಗೆರೆಗಿಂತ ಕಡಮೆಯ ಅಪಾಯವನ್ನು ಹೇಳುತ್ತದೆ. ಒಂದೇ ಪಾಕಶಾಲೆಯಲ್ಲಿ ಎರಡು ಬಗೆಯ ಹೊಗೆ ಕಂಡಂತಾಯಿತು.

೩

ವ್ಯಾಪ್ತಿಯನ್ನು ಪರೀಕ್ಷಿಸುವ ನೈಯಾಯಿಕನು ಉಪಾಧಿಯನ್ನು ಹುಡುಕುತ್ತಾನೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆಂದರೆ ಸರಿಯಾಗದು. ಹಸಿಯ ಸೌದೆಯ ಸಂಬಂಧವಿದ್ದಲ್ಲಿ ಮಾತ್ರ ಹೊಗೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹಾಗೆಯೇ ಹಿರೋಷಿಮಾದಲ್ಲಿ ಮಾತ್ರೆಯೆಲ್ಲವೂ ಬಹುತೇಕ ಕ್ಷಣಮಾತ್ರದಲ್ಲಿ ಮೈಗೆ ಬಿದ್ದಿತು. ಕಾರ್ಖಾನೆಯ ಕೆಲಸಗಾರನಿಗೂ ಕಡಲತೀರದ ನಿವಾಸಿಗೂ ಅದು ವರ್ಷಗಟ್ಟಲೆ ಹನಿಹನಿಯಾಗಿ ಬೀಳುತ್ತದೆ. ಕ್ಷಣಿಕತ್ವವೇ ಇಲ್ಲಿ ಹಸಿಯ ಸೌದೆಯಾಗಿರಬಾರದೇಕೆ? ಫ್ರಾನ್ಸಿನ ಅಕಾಡೆಮಿಗಳ ಆಕ್ಷೇಪದ ತಿರುಳು ಇದೇ. ಜೀವಕೋಶವು ತನ್ನ ತಂತುಗಳಿಗಾದ ಗಾಯವನ್ನು ತಾನೇ ಹೊಲಿದುಕೊಳ್ಳುತ್ತದೆ. ಹೊಲಿಯಲಾಗದಿದ್ದರೆ ತಾನೇ ಅಳಿಯುತ್ತದೆ. ಗಾಯಗಳು ವಿರಳವಾಗಿದ್ದಾಗ ಈ ರಕ್ಷಣೆಯು ಸಮರ್ಥವಾಗಿರುತ್ತದೆ ಎಂದು ಅವರು ಹೇಳಿದರು. ಅಮೆರಿಕದ ಸಮಿತಿಯ ಸಮಾಧಾನವಿದು: ವಿಕಿರಣದ ಒಂದೇ ಒಂದು ಜಾಡು ಸಹ ತಂತುವಿನ ಎರಡು ಎಳೆಗಳನ್ನೂ ಒಂದೇ ಕಡೆ ಗುಂಪಾಗಿ ಕಡಿಯಬಲ್ಲದು; ಅಂಥ ಗಾಯದ ಹೊಲಿಗೆಯಲ್ಲಿ ತಪ್ಪುಗಳಾಗುತ್ತವೆ; ಆದುದರಿಂದ ಸೊನ್ನೆಯ ಮೇಲೆ ಯಾವ ಮಾತ್ರೆಯನ್ನೂ ಸಂಪೂರ್ಣ ನಿರುಪದ್ರವವೆನ್ನಲಾಗದು.

ಉಪಾಧಿಯ ಶಂಕೆಯನ್ನು ತರ್ಕದಿಂದ ಮಾತ್ರ ಕಳೆಯಲಾಗದು, ದೃಷ್ಟಾಂತಾಂತರದಿಂದ ಕಳೆಯಬೇಕು. ಅಂಥ ದೃಷ್ಟಾಂತಗಳು ಎರಡು ದೊರೆತಿವೆ. ವಿಚಿತ್ರವೆಂದರೆ ಅವೆರಡೂ ಪರಸ್ಪರ ಎದುರಾಗಿ ನಿಂತಂತೆ ಕಾಣುತ್ತವೆ.

ಮೊದಲನೆಯದು ಫ್ರಾನ್ಸ್, ಬ್ರಿಟನ್, ಅಮೆರಿಕ ದೇಶಗಳ ಅಣುಸ್ಥಾವರಗಳ ೩,೦೯,೯೩೨ ಕೆಲಸಗಾರರ ವೃತ್ತಾಂತ. ೨೦೨೩ರಲ್ಲಿ ಪ್ರಕಟವಾದ ಇದರಲ್ಲಿ ಘನ ಅರ್ಬುದಗಳಿಂದಾದ ಮರಣಗಳು ೨೮,೦೮೯. ಹನಿಹನಿಯಾಗಿ ಕೂಡಿದ ಮಾತ್ರೆಯಿಂದಲೂ ೧ ಗ್ರೇಗೆ ನೂರಕ್ಕೆ ೫೨ರಷ್ಟು ಅಧಿಕ್ಯವು ಕಂಡಿತು. ೧೦೦ ಮಿಲಿಗ್ರೇಗಿಂತ ಕೆಳಗಿನವರನ್ನು ಮಾತ್ರ ತೆಗೆದುಕೊಂಡಾಗಲೂ ಅಧಿಕ್ಯವು ಅಳಿಯಲಿಲ್ಲ. ಕ್ಷಣಿಕತ್ವವು ಉಪಾಧಿಯೆಂಬ ಶಂಕೆಗೆ ಇದು ದೊಡ್ಡ ಪೆಟ್ಟು.

ಎರಡನೆಯದು ಕೇರಳದ ಕೊಲ್ಲಂ ಜಿಲ್ಲೆಯ ಕರುನಾಗಪ್ಪಳ್ಳಿ. ಅಲ್ಲಿಯ ಕಡಲತೀರದ ಮರಳಿನಲ್ಲಿ ಥೋರಿಯಮ್ಮನ್ನೊಳಗೊಂಡ ಮೋನಜೈಟ್ ಇರುವುದರಿಂದ, ತೀರದ ಪಂಚಾಯತಿಗಳಲ್ಲಿ ಮನೆಯ ಹೊರಗಿನ ವಿಕಿರಣದ ಮಧ್ಯಮಾನವು ವರ್ಷಕ್ಕೆ ೪ ಮಿಲಿಗ್ರೇಗೂ ಹೆಚ್ಚು. ಕೆಲವು ಸ್ಥಳಗಳಲ್ಲಿ ೭೦ರ ವರೆಗೂ ಏರುತ್ತದೆ. ಅಲ್ಲಿಯ ೬೯,೯೫೮ ನಿವಾಸಿಗಳನ್ನು ಸರಾಸರಿ ಹತ್ತೂವರೆ ವರ್ಷಗಳ ಕಾಲ ಗಮನಿಸಲಾಯಿತು. ೨೦೦೫ರ ಕೊನೆಯ ವೇಳೆಗೆ ೧,೩೭೯ ಜನರಿಗೆ ಅರ್ಬುದವುಂಟಾಗಿತ್ತು. ೨೦೦೯ರಲ್ಲಿ ಪ್ರಕಟವಾದ ಗಣನೆಯಂತೆ, ಹೆಚ್ಚಿನ ಮಾತ್ರೆಯನ್ನು ಪಡೆದವರಲ್ಲಿ ರೋಗವು ಹೆಚ್ಚಾಗಿ ಕಾಣಲಿಲ್ಲ. ಸರಳರೇಖಾವಾದವನ್ನು ಒಪ್ಪದವರು ಎತ್ತಿ ತೋರಿಸುವ ದೃಷ್ಟಾಂತಗಳಲ್ಲಿ ಇದು ಮುಖ್ಯವಾದುದು. ಕಾಣಲಿಲ್ಲವಾದುದರಿಂದ ಇಲ್ಲ ಎಂಬುದು ಅವರ ಯುಕ್ತಿ. ಈ ಯುಕ್ತಿಯನ್ನು ನಿಧಾನವಾಗಿ ಪರಿಶೀಲಿಸಬೇಕಾಗಿದೆ.

೪

ಕಾಣದಿರುವುದರಿಂದ ಇಲ್ಲದಿರುವುದನ್ನು ತಿಳಿಯಬಹುದೆಂಬುದು ಭಾಟ್ಟಮೀಮಾಂಸಕರಿಗೂ ಅದ್ವೈತಿಗಳಿಗೂ ಸಮ್ಮತವಾದುದೇ. ಇದಕ್ಕೆ ಅನುಪಲಬ್ಧಿಯೆಂದು ಹೆಸರು. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಅಲ್ಲಿ ಗಡಿಗೆಯಿಲ್ಲ. ಆದರೆ ಅವರು ಅಲ್ಲಿಯೇ ಒಂದು ನಿಬಂಧನೆಯನ್ನು ಹಾಕಿದ್ದಾರೆ. ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆಯು ವಸ್ತುವಿಗೂ ಸನ್ನಿವೇಶಕ್ಕೂ ಇರಬೇಕು. ಕತ್ತಲೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲವೆಂದಾಗದು. ಮರದಲ್ಲಿ ಪಿಶಾಚವು ಕಾಣದಿರುವುದರಿಂದ ಪಿಶಾಚಾಭಾವವು ಸಿದ್ಧಿಸದು. ಪಿಶಾಚವು ಕಣ್ಣಿಗೆ ಯೋಗ್ಯವಾದ ವಸ್ತುವೇ ಅಲ್ಲ. ಯೋಗ್ಯಾನುಪಲಬ್ಧಿಯೇ ಪ್ರಮಾಣ, ಬರಿಯ ಅನುಪಲಬ್ಧಿಯಲ್ಲ.

ಸ್ವಲ್ಪಮಾತ್ರೆಯ ಅಪಾಯಕ್ಕೆ ಈ ಯೋಗ್ಯತೆಯಿದೆಯೇ? ಅಮೆರಿಕದ ಸಮಿತಿಯ ಅಂದಾಜಿನಂತೆ ೧೦೦ ಜನರಲ್ಲಿ ೪೨ ಮಂದಿಗೆ ಅನ್ಯಕಾರಣಗಳಿಂದಲೇ ಜೀವಮಾನದಲ್ಲಿ ಅರ್ಬುದವುಂಟಾಗುತ್ತದೆ; ಆ ೧೦೦ ಜನರೂ ೧೦೦ ಮಿಲಿಸೀವರ್ಟ್ ಪಡೆದರೆ ಅದರಿಂದ ಇನ್ನೊಬ್ಬನಿಗೆ ಉಂಟಾಗಬಹುದು. ಗೆರೆಯನ್ನು ಅನುಸರಿಸಿ ೧೦ ಮಿಲಿಸೀವರ್ಟಿಗೆ ಇಳಿದರೆ, ೧,೦೦೦ ಜನರಲ್ಲಿ ೪೨೦ ರೋಗಿಗಳ ಜೊತೆಗೆ ೪೨೧ನೆಯವನೊಬ್ಬನು. ಆದರೆ ಅಂಥ ೧,೦೦೦ ಜನರ ಗುಂಪುಗಳನ್ನು ಒಂದಾದಮೇಲೊಂದು ಎಣಿಸುತ್ತ ಹೋದರೆ, ವಿಕಿರಣದ ಸೋಂಕೇ ಇಲ್ಲದಾಗಲೂ, ಯಾದೃಚ್ಛಿಕವಾಗಿಯೇ ಸಂಖ್ಯೆಯು ೧೫ರಷ್ಟು ಹೆಚ್ಚುಕಡಮೆಯಾಗುವುದು ಸಹಜ. ಹದಿನೈದರ ಏರಿಳಿತದಲ್ಲಿ ಒಂದನ್ನು ಗುರುತಿಸಬಲ್ಲವರಾರು? ಮಾತ್ರೆಯು ಹತ್ತರಲ್ಲಿ ಒಂದಾದರೆ ಬೇಕಾಗುವ ಜನಸಂಖ್ಯೆಯು ನೂರುಮಡಿಯಾಗುತ್ತದೆಂದು ಗಣಿತವು ಹೇಳುತ್ತದೆ. ೧,೦೦೦ ಮಿಲಿಸೀವರ್ಟಿನ ಅಪಾಯವನ್ನು ಕಾಣಲು ೫೦೦ ಜನರು ಸಾಕಾದರೆ, ೧೦೦ಕ್ಕೆ ೫೦,೦೦೦, ೧೦ಕ್ಕೆ ೫೦ ಲಕ್ಷ ಜನರು ಬೇಕು. ಅಂದಮೇಲೆ ಸ್ವಲ್ಪಮಾತ್ರೆಯ ಅಪಾಯವು, ಇದ್ದರೂ, ಸಾಧಾರಣವಾದ ಗುಂಪುಗಳಲ್ಲಿ ಕಾಣಲು ಯೋಗ್ಯವಾದುದಲ್ಲ.

ಈಗ ಕರುನಾಗಪ್ಪಳ್ಳಿಗೆ ಹಿಂದಿರುಗಬಹುದು. ಅಲ್ಲಿಯ ಗಣನೆಯಂತೆ ರಕ್ತಾರ್ಬುದವನ್ನುಳಿದ ರೋಗಗಳ ಅಧಿಕ್ಯವು ೧ ಗ್ರೇಗೆ ಋಣ ೦.೧೩. ಆದರೆ ಆ ಸಂಖ್ಯೆಯ ಸಂದೇಹದ ಅಂಚುಗಳು ಋಣ ೦.೫೮ರಿಂದ ಧನ ೦.೪೬ರ ವರೆಗೆ ಹರಡಿವೆ. ಹಿರೋಷಿಮಾದವರ ಮರಣಗಣನೆಯ ಅಧಿಕ್ಯವಾದ ೦.೪೨ ಈ ಅಂಚುಗಳ ಒಳಗೇ ಬರುತ್ತದೆ. ಒಂದರಲ್ಲಿ ಎಣಿಸಿದುದು ರೋಗೋತ್ಪತ್ತಿ, ಇನ್ನೊಂದರಲ್ಲಿ ಮರಣ ಎಂಬ ಭೇದವನ್ನು ಒಪ್ಪಿಕೊಂಡರೂ, ಇಷ್ಟು ಹೇಳುವುದಕ್ಕೆ ಅಡ್ಡಿಯಿಲ್ಲ: ಕೇರಳದ ದೃಷ್ಟಾಂತವು ಅಪಾಯವನ್ನು ತೋರಿಸಲಿಲ್ಲ, ಹಿರೋಷಿಮಾದ ಗೆರೆಯನ್ನು ಅಳಿಸಲೂ ಇಲ್ಲ. ಎದುರಾಗಿ ನಿಂತಂತೆ ತೋರಿದ ಎರಡು ದೃಷ್ಟಾಂತಗಳಲ್ಲಿ ವಿರೋಧವು ಅನಿವಾರ್ಯವಲ್ಲ. ಕತ್ತಲೆಯ ಮನೆಯಿಂದ ಹೊರಬಂದವನು ಗಡಿಗೆಯನ್ನು ಕಾಣಲಿಲ್ಲವೆಂದರೆ ಸತ್ಯವನ್ನೇ ಹೇಳಿದಂತಾಯಿತು. ಗಡಿಗೆಯಿಲ್ಲವೆಂದರೆ ಪ್ರಮಾಣವನ್ನು ಮೀರಿದಂತಾಯಿತು.

ಅಯೋಗ್ಯಾನುಪಲಬ್ಧಿಯನ್ನು ಪ್ರಮಾಣವೆಂದು ಭ್ರಮಿಸಿದುದರ ಫಲವನ್ನು ವೈದ್ಯದ ಇತಿಹಾಸದಲ್ಲಿ ನೋಡಬಹುದು. ಇಂಗ್ಲೆಂಡಿನ ಆಲಿಸ್ ಸ್ಟೂವರ್ಟ್ ಎಂಬ ವೈದ್ಯವಿದುಷಿಯು ೧೯೫೬ರಲ್ಲಿ ಸಂಗ್ರಹವಾಗಿಯೂ ೧೯೫೮ರಲ್ಲಿ ವಿಸ್ತಾರವಾಗಿಯೂ ಒಂದು ವಿಷಯವನ್ನು ಪ್ರಕಟಿಸಿದಳು. ಅರ್ಬುದದಿಂದ ಸತ್ತ ಮಕ್ಕಳ ತಾಯಂದಿರಲ್ಲಿ, ಬಸಿರಿನ ಕಾಲದಲ್ಲಿ ಹೊಟ್ಟೆಗೆ ಎಕ್ಸ್‌ರೇ ಪರೀಕ್ಷೆಯಾದವರ ಸಂಖ್ಯೆಯು ಇತರರಿಗಿಂತ ಹೆಚ್ಚಾಗಿತ್ತು. ಅಷ್ಟು ಅಲ್ಪವಾದ ಮಾತ್ರೆಯಿಂದ ಇದು ಹೇಗಾದೀತೆಂದು ಬಹುಮಂದಿ ಪಂಡಿತರು ನಂಬಲಿಲ್ಲ. ದುಃಖಿತೆಯಾದ ತಾಯಿಯ ನೆನಪು ಪ್ರಮಾಣವಲ್ಲವೆಂದೂ ಆಕ್ಷೇಪಿಸಿದರು. ೧೯೬೨ರಲ್ಲಿ ಅಮೆರಿಕದ ಬ್ರಯನ್ ಮ್ಯಾಕ್‌ಮಹನ್ ನೆನಪನ್ನು ಆಶ್ರಯಿಸದೆ ಆಸ್ಪತ್ರೆಯ ದಾಖಲೆಗಳಿಂದಲೇ ಗಣಿಸಿದಾಗ, ಅಂಥ ಮಕ್ಕಳಲ್ಲಿ ಅರ್ಬುದಮರಣವು ನೂರಕ್ಕೆ ಸುಮಾರು ೪೦ರಷ್ಟು ಅಧಿಕವೆಂದು ಕಂಡುಬಂತು. ಹಾಗಿದ್ದರೂ ಬಸುರಿಯರ ಎಕ್ಸ್‌ರೇ ಪರೀಕ್ಷೆಯು ಕೂಡಲೇ ನಿಲ್ಲಲಿಲ್ಲ. ಮಾತ್ರೆಯು ಸುಮಾರು ೧೦ ಮಿಲಿಗ್ರೇ ಇದ್ದಾಗಲೂ ಈ ಅಧಿಕ್ಯವು ಕಾಣುವುದಕ್ಕೆ ಕಾರಣವೇನು? ಬಾಲ್ಯದಲ್ಲಿ ಅರ್ಬುದವು ವಿರಳ. ಏರಿಳಿತದ ಗದ್ದಲ ಕಡಮೆ. ಆದುದರಿಂದ ಅಲ್ಲಿ ಯೋಗ್ಯತೆಯಿತ್ತು. ಬೆಳಕಿದ್ದ ಕಡೆ ಗಡಿಗೆಯು ಕಂಡಿತು.

೫

ಇಷ್ಟರಿಂದ ಸರಳರೇಖಾವಾದಿಯು ಗೆದ್ದನೆಂದು ತಿಳಿಯಬಾರದು. ಅವನ ಪಕ್ಷದಲ್ಲಿಯೂ ಒಂದು ದೋಷವಿದೆ. ಅದು ವ್ಯಾಪ್ತಿಯ ದೋಷಕ್ಕಿಂತ ಸೂಕ್ಷ್ಮವಾದ ವಾಕ್ಯದೋಷ.

ವಾಕ್ಯಗಳು ಎರಡು ಬಗೆ. ಇರುವುದನ್ನು ಹೇಳುವ ವಾಕ್ಯ ಒಂದು. ಮಾಡತಕ್ಕುದನ್ನು ಹೇಳುವ ವಾಕ್ಯ ಇನ್ನೊಂದು. ಮೊದಲನೆಯದು ಸಿದ್ಧಾರ್ಥಬೋಧಕ, ಎರಡನೆಯದು ವಿಧಿ. ವಿಧಿವಾಕ್ಯವನ್ನು ವಸ್ತುಸ್ಥಿತಿಯ ವರ್ಣನೆಯೆಂದು ಓದಿದರೆ ಅನರ್ಥವಾಗುವುದೆಂಬುದನ್ನು ಮೀಮಾಂಸಕರು ಸಾವಿರ ಬಗೆಯಾಗಿ ತೋರಿಸಿದ್ದಾರೆ. ಕತ್ತಲೆಯ ಮನೆಯಲ್ಲಿ ಹಾವಿರಬಹುದೆಂದು ದೀಪ ಹಿಡಿದು ಹೋಗು ಎಂದು ಹಿರಿಯನು ಹೇಳಿದರೆ ಅದು ಒಳ್ಳೆಯ ವಿಧಿ. ಅದರಿಂದ ಮನೆಯಲ್ಲಿ ಇಂತಿಷ್ಟು ಹಾವುಗಳಿವೆಯೆಂದು ಲೆಕ್ಕಹಾಕುವವನು ಹಿರಿಯನ ಮಾತಿಗೆ ಅವನು ಉದ್ದೇಶಿಸದ ಅರ್ಥವನ್ನು ಹೊರಿಸುತ್ತಾನೆ.

ವಿಕಿರಣರಕ್ಷಣೆಯ ಅಂತರರಾಷ್ಟ್ರೀಯ ಆಯೋಗದ ೨೦೦೭ರ ೧೦೩ನೆಯ ಗ್ರಂಥದಲ್ಲಿ ಈ ವಿವೇಕವು ಸ್ಪಷ್ಟವಾಗಿದೆ. ಅದು ಸರಳರೇಖೆಯನ್ನು ಸ್ವೀಕರಿಸಿ, ೧ ಸೀವರ್ಟಿಗೆ ನೂರಕ್ಕೆ ೫.೫ರಂತೆ ಅರ್ಬುದದ ಅಪಾಯವನ್ನು ಗೊತ್ತುಮಾಡಿತು. ಸಾಮಾನ್ಯಜನರಿಗೆ ವರ್ಷಕ್ಕೆ ೧ ಮಿಲಿಸೀವರ್ಟಿನ ಮಿತಿಯನ್ನೂ ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ ೨೦ರ ಮಿತಿಯನ್ನೂ ಇಟ್ಟಿತು. ಆದರೆ ಅದೇ ಗ್ರಂಥವು ಇನ್ನೊಂದನ್ನೂ ಹೇಳುತ್ತದೆ: ಬಹುಜನರಿಗೆ ಬಿದ್ದ ಅತ್ಯಲ್ಪಮಾತ್ರೆಗಳನ್ನು ಕೂಡಿಸಿ, ಇಂತಿಷ್ಟು ಮಂದಿ ಅರ್ಬುದದಿಂದ ಸಾಯುವರೆಂದು ಎಣಿಸಕೂಡದು. ಮೇಲುನೋಟಕ್ಕೆ ಇವೆರಡೂ ವಿರುದ್ಧವಾಗಿ ತೋರುತ್ತವೆ. ಗೆರೆಯು ನಿಜವಾದರೆ ಎಣಿಕೆಯೇಕೆ ನಿಷಿದ್ಧ? ಎಣಿಕೆಯು ನಿಷಿದ್ಧವಾದರೆ ಗೆರೆಯೇಕೆ? ಮೊದಲನೆಯದನ್ನು ವಿಧಿಯೆಂದು ಗ್ರಹಿಸಿದೊಡನೆಯೇ ವಿರೋಧವು ಕರಗಿಹೋಗುತ್ತದೆ. ತಿಳಿಯದ ಕಡೆ ಅಪಾಯವಿದೆಯೆಂಬಂತೆ ನಡೆದುಕೊಳ್ಳು ಎಂಬುದು ಗೆರೆಯ ಅರ್ಥ. ತಿಳಿಯದ ಕಡೆ ಅಪಾಯವು ಇಷ್ಟೇ ಇದೆ ಎಂಬುದು ಅದರ ಅರ್ಥವಲ್ಲ. ಫ್ರಾನ್ಸಿನ ಅಕಾಡೆಮಿಗಳು ಸಹ, ರಕ್ಷಣೆಯ ಆಡಳಿತಕ್ಕೆ ಈ ಗೆರೆಯು ಅನುಕೂಲವಾಗಬಹುದೆಂದು ಒಪ್ಪಿಕೊಂಡಿವೆ. ಹಾಗಾದರೆ ವಿಧಿಯ ಅಂಶದಲ್ಲಿ ಎರಡು ಪಕ್ಷಗಳಿಗೂ ಬಹಳ ದೂರವಿಲ್ಲ. ವಿಧಿಯನ್ನು ವರ್ಣನೆಯಾಗಿ ಓದುವ ಅಂಶದಲ್ಲಿಯೇ ಕಲಹವೆಲ್ಲ.

ಈ ತಪ್ಪು ಓದುವಿಕೆಯ ಫಲವೂ ಕ್ರೂರವಾದುದೇ. ೨೦೧೧ರ ಮಾರ್ಚಿಯಲ್ಲಿ ಜಪಾನಿನ ಫುಕುಶಿಮಾದ ಅಣುಸ್ಥಾವರಗಳು ಕೆಟ್ಟಾಗ ಸುತ್ತಲಿನ ಜನರನ್ನು ಸಾಗಿಸಲಾಯಿತು. ಮೊದಲ ದಿನಗಳಲ್ಲಿ ಏನಾಗುವುದೋ ಯಾರಿಗೂ ತಿಳಿಯದಿದ್ದುದರಿಂದ ಅದನ್ನು ತಪ್ಪೆನ್ನಲಾಗದು. ಆದರೆ ಆಸ್ಪತ್ರೆಗಳಿಂದಲೂ ವೃದ್ಧಾಶ್ರಮಗಳಿಂದಲೂ ಹೊರಟ ದುರ್ಬಲರಲ್ಲಿ ಅನೇಕರು ದಾರಿಯ ಕ್ಲೇಶದಿಂದಲೂ ಚಿಕಿತ್ಸೆ ತಪ್ಪಿದುದರಿಂದಲೂ ಸತ್ತರು. ಆಮೇಲೆ ವರ್ಷಗಟ್ಟಲೆ ಮನೆಬಿಟ್ಟಿರುವುದರ ಕಷ್ಟವೂ ಸೇರಿ, ವಿಪತ್ತಿನ ಪರಿಣಾಮದಿಂದಾದ ಮರಣಗಳೆಂದು ಆ ಪ್ರಾಂತದಲ್ಲಿ ಸರಕಾರವು ಒಪ್ಪಿಕೊಂಡುವು ೨,೦೦೦ಕ್ಕೂ ಹೆಚ್ಚು. ವಿಶ್ವಸಂಸ್ಥೆಯ ವಿಜ್ಞಾನಸಮಿತಿಯಾದರೋ, ಅಲ್ಲಿಯ ನಿವಾಸಿಗಳಲ್ಲಿ ವಿಕಿರಣದಿಂದಲೇ ನೇರವಾಗಿ ಉಂಟಾದ ಆರೋಗ್ಯಹಾನಿಯು ದಾಖಲಾಗಿಲ್ಲವೆಂದು ಹೇಳಿತು. ಕಾಣದ ಹಾವಿಗೆ ಹೆದರಿ ಓಡಿದವರು ಕಾಣುವ ಬಾವಿಯಲ್ಲಿ ಬಿದ್ದಂತಾಯಿತು. ವಿಧಿಯು ಎಂದಿಗೂ ಏಕಾಂಗಿಯಲ್ಲ. ಒಂದು ಅಪಾಯವನ್ನು ತಪ್ಪಿಸೆಂಬ ವಿಧಿಯನ್ನು ಇನ್ನೊಂದು ಅಪಾಯದೊಡನೆ ತೂಗಿ ನೋಡಬೇಕೆಂಬ ಬಲಾಬಲವಿಚಾರವು ಅದರ ಜೊತೆಗೇ ಇದೆ. ಅಗತ್ಯವಾದ ಸಿ.ಟಿ. ಪರೀಕ್ಷೆಯನ್ನು ಹೆದರಿಕೆಯಿಂದ ಬಿಡುವ ರೋಗಿಗೂ, ಅಗತ್ಯವಿಲ್ಲದ ಪರೀಕ್ಷೆಯನ್ನು ಏನೂ ಆಗದೆಂದು ಬರೆದುಕೊಡುವ ವೈದ್ಯನಿಗೂ ಈ ವಿಚಾರವು ಸಮಾನವಾಗಿ ಅನ್ವಯಿಸುತ್ತದೆ.

೬

ಹೀಗೆ ನೋಡಿದರೆ ದೋಷಗಳು ಎರಡು. ಕಾಣಲಿಲ್ಲವೆಂಬುದನ್ನು ಇಲ್ಲವೆಂದು ಓದುವುದು ಒಂದು. ಇರಬಹುದೆಂಬಂತೆ ನಡೆಯೆಂಬುದನ್ನು ಇದ್ದೇ ಇದೆ, ಇಷ್ಟೇ ಇದೆ ಎಂದು ಓದುವುದು ಇನ್ನೊಂದು. ಮೊದಲನೆಯದರಿಂದ ಬಸುರಿಯರೂ ಅವರ ಮಕ್ಕಳೂ ನೊಂದರು. ಎರಡನೆಯದರಿಂದ ವೃದ್ಧರೂ ರೋಗಿಗಳೂ ನೊಂದರು.

ಕನ್ನಡದಲ್ಲಿ ಈ ವಿಷಯವನ್ನು ಬರೆಯುವವರು ಮೂರು ವಾಕ್ಯಗಳನ್ನು ಬೇರೆಬೇರೆಯಾಗಿ ಇಟ್ಟರೆ ಸಾಕು. ಸುಮಾರು ೧೦೦ ಮಿಲಿಸೀವರ್ಟಿಗಿಂತ ಮೇಲೆ ಅರ್ಬುದವು ಹೆಚ್ಚುವುದು ಸಿದ್ಧವಾದ ಸಂಗತಿ. ಅದಕ್ಕಿಂತ ಕೆಳಗೆ ಹೆಚ್ಚುವುದೆಂಬುದಕ್ಕೆ, ಕೆಲಸಗಾರರ ಮತ್ತು ಗರ್ಭಸ್ಥಶಿಶುಗಳ ವೃತ್ತಾಂತಗಳು ಬಲಪಡಿಸುತ್ತಿರುವ ಅನುಮಾನವಿದೆ. ಗೆರೆಯ ಆಕಾರವು ಮಾತ್ರ ನಿರ್ಣೀತವಾಗಿಲ್ಲ. ಈ ಸ್ಥಿತಿಯಲ್ಲಿ ಮಾತ್ರೆಯನ್ನು ಯುಕ್ತವಾದಷ್ಟು ಕಡಮೆ ಮಾಡುವುದು ವಿಧಿ. ಹೆಚ್ಚುತ್ತದೆ, ಹೆಚ್ಚಬಹುದು, ಕಡಮೆ ಮಾಡತಕ್ಕದ್ದು ಎಂಬ ಮೂರು ಕ್ರಿಯಾರೂಪಗಳು ಭಾಷೆಯಲ್ಲಿ ಸಿದ್ಧವಾಗಿಯೇ ಇವೆ. ಅವುಗಳಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬರೆಯುವುದು ವ್ಯಾಕರಣದ ದೃಷ್ಟಿಯಿಂದ ಅಲ್ಪವಾದ ವ್ಯತ್ಯಾಸ. ಅರ್ಥದ ದೃಷ್ಟಿಯಿಂದ ಅದರ ಬೆಲೆಯನ್ನು ಮನುಷ್ಯರು ಪ್ರಾಣದಿಂದ ತೆರಬೇಕಾಗುತ್ತದೆ.